ಗ್ರೀನ್‌ಫರ್ಡಿನಿಂದ ಬರುತ್ತಿದ್ದ ಬೆಳದಿಂಗಳು

ನವೆಂಬರ್ ಎರಡು, ಭಾನುವಾರ, ಬೆಳಿಗ್ಗೆ ಆರು ಮುಕ್ಕಾಲು. ಲಂಡನ್ನಿನ ಪಿನ್ನರ್ ಬಡಾವಣೆಯ ನನ್ನ ಕೋಣೆಯಲ್ಲಿ ಇದನ್ನು ಬರೆಯಲು ಕೂತಿದ್ದೇನೆ. ಹಿಂದೆಲ್ಲ ಭಾನುವಾರ ಈ ಹೊತ್ತಿಗೆ ನಾನು ಸ್ನಾನ ಮುಗಿಸಿ ಗ್ರೀನ್‌ಫರ್ಡಿಗೆ ಹೊರಡುವ ಸಿದ್ಧತೆಯಲ್ಲಿರುತ್ತಿದ್ದೆ. ನಾನು ಹೋಗದೆ ಬಿಟ್ಟ ಭಾನುವಾರಗಳಲ್ಲಿ ಇವತ್ತಿನದು ಇಪ್ಪತ್ತೇಳನೆಯದು. ಯಾಕೆ ಹೋಗುತ್ತಿಲ್ಲ ಎಂಬುದು ನನ್ನ ದಿನಚರಿಯಲ್ಲಿ ತುಂಡು ತುಂಡಾಗಿ ಇದೆ. ಅದನ್ನೆಲ್ಲ ಒಂದೇ ಕಡೆ, ತಾರೀಖಿನ ಪ್ರಕಾರ ಬರೆದಿಡುತ್ತೇನೆ. ಇದನ್ನು ಓದಲೇಬೇಕಾದ ಹದಿನೈದು ಮನೆಗಳು ಈ ಊರಿನಲ್ಲಿ ಎಲ್ಲೋ ಇವೆ.

ಮೊದಲು ನನ್ನ ಕೆಲಸದ ವಿಷಯ. ನಾನು ಐತಿಹಾಸಿಕ ಪ್ರೇಮ ಕಾದಂಬರಿ ಬರೆದು ಬದುಕುತ್ತೇನೆ. ಬರೆಯುವುದು ಇಂಗ್ಲಿಷಿನಲ್ಲಿ. ಇನ್ನೂರು ವರ್ಷ ಹಿಂದಿನ ಇಂಗ್ಲೆಂಡು, ದೊಡ್ಡ ಜಮೀನುದಾರರ ಬಂಗಲೆಗಳು, ಕುದುರೆಗಾಡಿ, ನೃತ್ಯಕೂಟ, ಒಂದು ತಪ್ಪು ತಿಳಿವಳಿಕೆ, ಕೊನೆಗೆ ಮದುವೆ. ಇದುವರೆಗೆ ಏಳು ಪುಸ್ತಕ ಬಂದಿವೆ. ಏಳರಲ್ಲಿ ಒಂದರ ಮೇಲೂ ನನ್ನ ಹೆಸರಿಲ್ಲ. ಅವೆಲ್ಲ ಪ್ರಕಾಶಕರು ಕಲ್ಪಿಸಿಕೊಂಡ ಒಬ್ಬ ಇಂಗ್ಲಿಷ್ ಹೆಂಗಸಿನ ಹೆಸರಿನಲ್ಲಿ ಬರುತ್ತವೆ. ಆಕೆ ಹಳ್ಳಿಯ ಕಲ್ಲಿನ ಮನೆಯೊಂದರಲ್ಲಿ ಎರಡು ನಾಯಿಗಳ ಜೊತೆ ಇದ್ದಾಳೆಂದು ಪುಸ್ತಕದ ಹಿಂಬದಿಯಲ್ಲಿ ಅಚ್ಚಾಗಿದೆ. ಆಕೆಯ ಹೆಸರಿನಲ್ಲಿ ಬರೆಯುವವರು ನಾವು ನಾಲ್ಕು ಜನ. ಉಳಿದ ಮೂವರನ್ನು ನಾನು ನೋಡಿಲ್ಲ.

ದಿನಕ್ಕೆ ಸಾವಿರದ ಇನ್ನೂರು ಪದ. ಬೆಳಿಗ್ಗೆ ಮನೆಯಲ್ಲಿ, ಮಧ್ಯಾಹ್ನ ಲೈಬ್ರರಿಯಲ್ಲಿ. ಪ್ರತಿ ಪುಸ್ತಕಕ್ಕೂ ಒಂದು ದಪ್ಪ ನೋಟ್‌ಬುಕ್ ಇಡುತ್ತೇನೆ. ಅದರಲ್ಲಿ ಕಥೆಯ ಪ್ರತಿ ದಿನಕ್ಕೂ ಒಂದು ಸಾಲು. ತಾರೀಖು, ವಾರ, ಮಳೆಯೋ ಬಿಸಿಲೋ, ನಾಯಕಿ ಉಟ್ಟ ಬಟ್ಟೆಯ ಬಣ್ಣ, ತೋಟದಲ್ಲಿ ಅರಳಿರಬಹುದಾದ ಹೂವು, ಚಂದ್ರ. ಬೇರೆಯವರ ನಾಯಕಿಯರು ಡಿಸೆಂಬರಿನಲ್ಲಿ ಗುಲಾಬಿ ಮೂಸುತ್ತಾರೆ. ನನ್ನವರು ಮೂಸುವುದಿಲ್ಲ. ನಮ್ಮ ಸಂಪಾದಕಿ ನನ್ನನ್ನು ಇಟ್ಟುಕೊಂಡಿರುವುದೇ ಇದಕ್ಕೆ. ನನ್ನಲ್ಲಿ ಬೇರೆ ಹೇಳಿಕೊಳ್ಳುವಂಥ ಪ್ರತಿಭೆ ಇಲ್ಲವೆಂದು ಆಕೆಗೂ ಗೊತ್ತು, ನನಗೂ ಗೊತ್ತು. ನನ್ನ ತಾರೀಖು ತಪ್ಪುವುದಿಲ್ಲ, ಅಷ್ಟೇ.

ಈ ಚಂದ್ರನ ಕಾಲಂ ತುಂಬುತ್ತಿದ್ದವರು ನನ್ನ ಸೋದರಮಾವ.

ಮಾವ ಗ್ರೀನ್‌ಫರ್ಡಿನ ಒಂದು ಗೋದಾಮಿನಲ್ಲಿ ಮೂವತ್ತೊಂದು ವರ್ಷ ಸರಕು ಲೆಕ್ಕ ಹಾಕಿ ನಿವೃತ್ತರಾದವರು. ಅವರ ತಂದೆ, ಅಂದರೆ ನನ್ನ ಅಜ್ಜ, ಮೈಸೂರಿನಲ್ಲಿ ಪಂಚಾಂಗದ ಗಣಿತ ಬಲ್ಲವರಾಗಿದ್ದರು. ಮಾವನಿಗೆ ಅದು ಚಿಕ್ಕಂದಿನಲ್ಲೇ ಬಾಯಿಪಾಠ. ಯಾವ ತಾರೀಖು ಹೇಳಿದರೂ, ಇನ್ನೂರು ವರ್ಷ ಹಿಂದಿನದಾದರೂ, ಪೆನ್ಸಿಲ್ ಹಿಡಿದು ಕಾಲು ಗಂಟೆ ಕೂತರೆ ಆ ದಿನದ ತಿಥಿ ಹೇಳುತ್ತಿದ್ದರು. ಚಂದ್ರ ಯಾವಾಗ ಹುಟ್ಟಿದ, ಯಾವಾಗ ಮುಳುಗಿದ ಎಂದು ಐದು ಹತ್ತು ನಿಮಿಷದ ಅಂದಾಜಿನಲ್ಲಿ ಹೇಳುತ್ತಿದ್ದರು. ಇದನ್ನು ಕಂಪ್ಯೂಟರಿನಲ್ಲಿ ಒಂದು ನಿಮಿಷದಲ್ಲಿ ನೋಡಬಹುದು. ನಾನು ಮಾವನನ್ನು ಕೇಳಲು ಶುರುಮಾಡಿದ್ದು ಅತ್ತೆ ತೀರಿಕೊಂಡ ಮೇಲೆ. ಅತ್ತೆ ಹೋದ ಮೂರನೇ ತಿಂಗಳಿಗೆ ಮಾವ ಮಾತಾಡುವುದನ್ನೇ ಕಡಿಮೆ ಮಾಡಿದ್ದರು. ಏನಾದರೂ ಕೆಲಸ ಕೊಡಬೇಕು ಅನ್ನಿಸಿತು.

"ಮಾವ, ನನ್ನ ಕಾದಂಬರಿಗೆ ಒಂದು ಹುಣ್ಣಿಮೆ ಬೇಕು" ಎಂದಿದ್ದೆ.

"ಯಾರಿಗೆ?"

"ಒಬ್ಬ ಡ್ಯೂಕ್‌ಗೆ. ಜೂನ್ ತಿಂಗಳು, ಹುಡುಗೀನ ಕೆರೆ ಹತ್ರ ಕರ್ಕೊಂಡು ಹೋಗ್ತಾನೆ."

"ಮದುವೆ ಆಗದೇನೆ?"

"ಹ್ಞೂಂ."

"ಅಯ್ಯೋ ಪುಟ್ಟಿ, ಅಂಥವನಿಗೆ ಹುಣ್ಣಿಮೆ ಯಾಕೆ? ಅಮಾವಾಸ್ಯೆ ಕೊಡ್ತೀನಿ, ಇಬ್ರೂ ಕೆರೆಗೆ ಬೀಳ್ಲಿ!"

ಅವತ್ತು ಅವರು ಮೂರು ತಿಂಗಳಲ್ಲಿ ಮೊದಲ ಸಲ ನಕ್ಕಿದ್ದು. ದಿನಚರಿಯಲ್ಲಿ ಬರೆದುಕೊಂಡಿದ್ದೇನೆ.

ಆಮೇಲೆ ಪ್ರತಿ ಭಾನುವಾರ ಹ್ಯಾರೋವರೆಗೆ ಟ್ಯೂಬ್ ರೈಲು, ಅಲ್ಲಿಂದ ಬಸ್ಸು ಹಿಡಿದು ಹೋಗುತ್ತಿದ್ದೆ. ಹೋಗಿ ತಾರೀಖು ಕೊಡುವುದು, ಹಿಂದಿನ ವಾರದ ಚೀಟಿ ತರುವುದು. ಗೋದಾಮಿನ ಹಳೆಯ ಸರಕುಪಟ್ಟಿಯ ಹಾಳೆಗಳು ಅವರ ಹತ್ತಿರ ಕಟ್ಟುಗಟ್ಟಲೆ ಇದ್ದವು. ಅವುಗಳ ಹಿಂಬದಿಯೇ ಚೀಟಿ. ಮೇಲೆ ಒಂದು ಸಾಲು ಹೆಡ್ಡಿಂಗ್, ಕೆಳಗೆ ಲೆಕ್ಕ, ಕೊನೆಗೆ ಕನ್ನಡದಲ್ಲಿ ಫಲಿತಾಂಶ. ಚೀಟಿ ನನ್ನ ನೋಟ್‌ಬುಕ್ಕಿನ ಕಾಲಂಗಿಂತ ಒಂದು ಬೆರಳು ಉದ್ದ. ನಾನು ಮೇಲಿನ ಸಾಲನ್ನು ಕತ್ತರಿಯಿಂದ ಕತ್ತರಿಸಿ ಉಳಿದದ್ದನ್ನು ಅಂಟಿಸುತ್ತಿದ್ದೆ. ಹೆಡ್ಡಿಂಗಿನಲ್ಲಿ ಇರುವುದು ನಾನೇ ಕೊಟ್ಟ ತಾರೀಖು ತಾನೇ ಎಂದುಕೊಂಡಿದ್ದೆ.

ಮೊದಲ ನಲವತ್ತು ಚೀಟಿಗಳನ್ನು ಕಂಪ್ಯೂಟರಿನಲ್ಲಿ ತಾಳೆ ನೋಡಿದೆ. ನಲವತ್ತೂ ಸರಿ. ಆಮೇಲೆ ತಾಳೆ ನೋಡುವುದನ್ನು ಬಿಟ್ಟೆ. ಅರವತ್ತೊಂದನೆಯ ಚೀಟಿಯವರೆಗೆ ಏನೂ ತೊಂದರೆಯಾಗಲಿಲ್ಲ.

ಓದುಗರು ಬೆಳದಿಂಗಳನ್ನು ಹೊಗಳಿದರು. ಇಂಗ್ಲಿಷ್ ಹೆಂಗಸಿಗೆ ಬಂದ ಪತ್ರಗಳಲ್ಲಿ ಒಂಬತ್ತು ಬರೀ ಚಂದ್ರನ ಬಗ್ಗೆಯೇ. ಐದನೇ ಪುಸ್ತಕಕ್ಕೆ ನಾನು ಸಂಪಾದಕಿಯನ್ನು ಕೇಳಿದೆ, ಕೊನೆಯ ಪುಟದಲ್ಲಿ ನನ್ನ ಸೋದರಮಾವನಿಗೆ ಒಂದು ಸಾಲು ಕೃತಜ್ಞತೆ ಹಾಕಬಹುದೇ ಎಂದು. ಆಕೆ ಒರಟು ಹೆಂಗಸಲ್ಲ. ಸ್ವಲ್ಪ ಯೋಚಿಸಿ, ನಮ್ಮ ಲೇಖಕಿಗೆ ಗ್ರೀನ್‌ಫರ್ಡಿನಲ್ಲಿ ಸೋದರಮಾವ ಇರುವುದು ಹೇಗೆ ಸಾಧ್ಯ ಎಂದು ನನ್ನನ್ನೇ ಕೇಳಿದಳು. ಮಾವನಿಗೆ ಇದನ್ನು ಹೇಳಿದೆ.

"ಆಕೆ ಹೇಳೋದು ಸರೀನೇ" ಎಂದರು. "ಆ ಎರಡು ನಾಯಿಗಳಿಗೆ ನಾನು ಏನಾಗ್ಬೇಕು ಹೇಳು?"

ಮಾವನ ಇನ್ನೊಂದು ಕೆಲಸದ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಕಿಂಗ್ಸ್‌ಬರಿ, ಹ್ಯಾರೋ, ಗ್ರೀನ್‌ಫರ್ಡ್ ಕಡೆಯ ನಮ್ಮ ಜನ, ಹೆಚ್ಚಿನವರು ಬೆಂಗಳೂರು ಮೈಸೂರಿನಿಂದ ಕೆಲಸಕ್ಕೆ ಬಂದು ಉಳಿದವರು, ತಂದೆ ತಾಯಿಯ ವರ್ಷದ ಶ್ರಾದ್ಧಕ್ಕೆ ದಿನ ಕೇಳುತ್ತಿದ್ದುದು ಮಾವನನ್ನು. ಊರಿನ ಕ್ಯಾಲೆಂಡರಿನಲ್ಲಿ ತಿಥಿ ಅಚ್ಚಾಗಿರುತ್ತದೆ, ನಿಜ. ಆದರೆ ಅದು ಊರಿನ ಸೂರ್ಯನಿಗೆ ಹೊಂದಿಸಿದ್ದು. ಇಲ್ಲಿ ಸೂರ್ಯ ಐದಾರು ಗಂಟೆ ತಡವಾಗಿ ಹುಟ್ಟುತ್ತಾನೆ. ಹಾಗಾಗಿ ಊರಿನಲ್ಲಿ ಭಾನುವಾರ ಬರುವ ತಿಥಿ ಕೆಲವು ಸಲ ಲಂಡನ್ನಿನಲ್ಲಿ ಶನಿವಾರವೇ ಬಂದು ಹೋಗಿರುತ್ತದೆ. ಈ ವ್ಯತ್ಯಾಸವನ್ನು ಮಾವ ಕೈಲೆಕ್ಕದಲ್ಲಿ ತೆಗೆದು ಹೇಳುತ್ತಿದ್ದರು. ಮೂವತ್ತನಾಲ್ಕು ಮನೆಗಳು. ಒಂದು ನೀಲಿ ರಟ್ಟಿನ ಪುಸ್ತಕದಲ್ಲಿ ಮನೆಗೊಂದು ಪುಟ. ದುಡ್ಡು ಮುಟ್ಟುತ್ತಿರಲಿಲ್ಲ. "ಸತ್ತವರ ದಿನ ಹೇಳೋಕೆ ಎಂಥಾ ದುಡ್ಡು" ಎನ್ನುತ್ತಿದ್ದರು.

ಅರವತ್ತೆರಡನೆಯ ಚೀಟಿ ಏಳನೇ ಪುಸ್ತಕಕ್ಕೆ. ಅಕ್ಟೋಬರ್ ಹನ್ನೆರಡರ ಸಂಜೆ ಬಂಗಲೆಯಲ್ಲಿ ನೃತ್ಯಕೂಟ. ಅದು ಮುಗಿದು, ನಡುರಾತ್ರಿ ಕಳೆದು, ಒಂದೂವರೆ ಗಂಟೆಗೆ ನಾಯಕಿ ಗೋಡೆ ಸುತ್ತಿದ ತೋಟಕ್ಕೆ ಬರುತ್ತಾಳೆ. ಅಲ್ಲಿ ತನಗಾಗಿ ಕಾದವನು ಬಂಗಲೆಯ ಇಬ್ಬರು ಸೋದರರಲ್ಲಿ ಅಣ್ಣನಲ್ಲ, ತಮ್ಮ ಎಂದು ಅವನ ಮುಖ ನೋಡಿ ತಿಳಿಯುತ್ತಾಳೆ. ಇಡೀ ಪುಸ್ತಕ ನಿಂತಿರುವುದು ಆ ನೋಟದ ಮೇಲೆ. ಬೆಳಕು ಬೇಕೇ ಬೇಕು. ಮಾವನನ್ನು ಕೇಳಿದೆ.

"ಅಕ್ಟೋಬರ್ ಹದಿಮೂರು, ರಾತ್ರಿ ಒಂದೂವರೆಗೆ ಚಂದ್ರ ಇರ್ತಾನಾ?"

ಮುಂದಿನ ವಾರ ಚೀಟಿ ಸಿದ್ಧವಿತ್ತು. "ಇರ್ತಾನೆ ಕಣೇ. ಎರಡು ಗಂಟೆ ಕಳೆದ ಮೇಲೇ ಮುಳುಗೋದು. ಆದ್ರೆ ಏಕಾದಶಿ. ನಿನ್ನ ಹುಡುಗಿ ಉಪವಾಸ ಇರ್ತಾಳೋ, ಊಟ ಮಾಡ್ಕೊಂಡೇ ಓಡಿಹೋಗ್ತಾಳೋ?"

"ಐಸ್‌ಕ್ರೀಮ್ ತಿಂದಿದ್ದಾಳೆ ಮಾವ, ಪಾರ್ಟೀಲಿ."

"ಹಾಳಾಗ್ ಹೋಗ್ಲಿ."

ನಾನು ಬೆಳದಿಂಗಳು ಬರೆದೆ. ಒಂದೂವರೆ ಪುಟ. ಪುಸ್ತಕ ಬಂತು.

ಮಾರ್ಚ್ ಮೂರು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆಗೆ ಸಂಪಾದಕಿ ಒಂದು ಪತ್ರವನ್ನು ನನಗೆ ಕಳಿಸಿದಳು. ಬರೆದವರು ಆಕಾಶ ನೋಡುವ ಹವ್ಯಾಸದ ಒಬ್ಬ ವೃದ್ಧ ಓದುಗ. ಮೂರೇ ಸಾಲು. ಆ ವರ್ಷ ಅಕ್ಟೋಬರ್ ಹದಿಮೂರರಂದು ನಡುರಾತ್ರಿ ಕಳೆದು ಒಂದು ಗಂಟೆ ಹತ್ತು ನಿಮಿಷಕ್ಕೆ ಚಂದ್ರ ಮುಳುಗಿದ್ದಾನೆ, ನಿಮ್ಮ ನಾಯಕಿ ಒಂದೂವರೆಗೆ ಯಾರ ಮುಖವನ್ನೂ ನೋಡಿರಲಾರಳು, ಇದುವರೆಗೆ ನಿಮ್ಮ ಮೇಲಿದ್ದ ನಂಬಿಕೆ ಹೋಯಿತು. ನಾನು ಕಂಪ್ಯೂಟರಿನಲ್ಲಿ ನೋಡಿದೆ. ಒಂದು ಹತ್ತು. ಮುದುಕ ಹೇಳಿದ್ದು ಸರಿಯಾಗಿತ್ತು.

ಸಂಪಾದಕಿಗೆ ಉತ್ತರ ಬರೆದೆ. ಚಂದ್ರನ ಲೆಕ್ಕ ನನ್ನ ಸಹಾಯಕರೊಬ್ಬರದು, ತಪ್ಪು ಅವರಿಂದಾಗಿದೆ, ಇನ್ನು ಮುಂದೆ ಅವರನ್ನು ಅವಲಂಬಿಸುವುದಿಲ್ಲ. ಈ ಮೂರು ವಾಕ್ಯ ಬರೆಯಲು ನಾನು ಯೋಚಿಸಲೇ ಇಲ್ಲ. ಹನ್ನೊಂದೂ ಇಪ್ಪತ್ತಕ್ಕೆ ಮಾವನಿಗೆ ಫೋನ್ ಮಾಡಿದೆ.

"ಏನ್ ಪುಟ್ಟಿ, ಸೋಮವಾರ ಫೋನು?"

"ಮಾವ, ಹದಿಮೂರರ ರಾತ್ರಿ ಒಂದೂವರೆಗೆ ಚಂದ್ರ ಮುಳುಗಿಬಿಟ್ಟಿದ್ದ. ನಿಮ್ಮ ಲೆಕ್ಕ ಒಂದು ದಿನ ಆಚೀಚೆ ಆಗಿದೆ."

"ಇಲ್ಲಮ್ಮ, ಇನ್ನೊಂದ್ಸಲ ನೋಡು."

"ನೋಡಿದೀನಿ! ಕಂಪ್ಯೂಟರ್ ಹೇಳ್ತಿದೆ. ಯಾರೋ ಮುದುಕ ಕಂಡುಹಿಡಿದು ಪ್ರಕಾಶಕರಿಗೆ ಬರೆದಿದಾನೆ. ನನಗಿರೋದೇ ಇದೊಂದು ಹೆಸರು ಮಾವ. ನಿಮ್ಮ ಪೆನ್ಸಿಲ್ ನಂಬಿ ಅದನ್ನೂ ಕಳ್ಕೊಂಡೆ."

ಕಾಗದ ತಿರುವುವ ಸದ್ದು ಕೇಳಿಸಿತು. ಆಮೇಲೆ "ನೀನು ನೋಡಿದ್ರೆ ಸರಿ ಇರುತ್ತೆ" ಎಂದರು. "ಎಲ್ಲಿ ತಪ್ಪಿದೆ ಅಂತ ಹುಡುಕ್ತೀನಿ."

ಮಾತಾಡಿದ್ದು ನಾಲ್ಕು ನಿಮಿಷ. ಪ್ರಕಾಶಕರ ಕಡೆಯಿಂದ ತಪ್ಪು ಸರಿಪಡಿಸಲೂ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮರುಮುದ್ರಣದಲ್ಲಿ ಮೂರು ಕಡೆ ಒಂದೂವರೆಯನ್ನು ಹನ್ನೆರಡೂವರೆ ಮಾಡಿದರು. ಚಂದ್ರ ಆಕಾಶದಲ್ಲಿ ಉಳಿದ, ನಾಯಕಿ ಮುಖ ನೋಡಿದಳು, ಎಲ್ಲ ಮುಗಿಯಿತು.

ಗ್ರೀನ್‌ಫರ್ಡಿನಲ್ಲಿ ಮುಗಿಯಲಿಲ್ಲ. ಮಾರ್ಚ್ ಹದಿನಾರರ ಭಾನುವಾರ ನಾನು ಹೋದಾಗ ಮಾವ ನೀಲಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಫೋನಿನಲ್ಲಿದ್ದರು. ಸನ್ನೆಯಲ್ಲೇ ನನ್ನನ್ನು ಕೂರಲು ಹೇಳಿದರು.

"ಹೌದಮ್ಮ, ನಿಮ್ಮ ಅತ್ತೆಯವರದ್ದೇ. ಹೋದ ವರ್ಷ ನಾನು ಹೇಳಿದ್ದು ಒಂದು ದಿನ ಹೆಚ್ಚುಕಡಿಮೆ ಆಗಿರಬಹುದು. ಇಲ್ಲಿನ ವ್ಯತ್ಯಾಸ ತೆಗೆಯೋದ್ರಲ್ಲಿ ನನ್ನದೇನೋ ತಪ್ಪಾಗ್ತಿದೆ… ಇಲ್ಲ, ಇಲ್ಲ, ನಿಮ್ಮ ತಪ್ಪಲ್ಲ. ಇನ್ನು ಮೇಲೆ ಊರಿನ ಕ್ಯಾಲೆಂಡರ್ ನೋಡ್ಕೊಂಡು ಮಾಡಿ. ನನ್ನನ್ನ ಕೇಳ್ಬೇಡಿ. ಕ್ಷಮಿಸಿ ತಾಯಿ."

ಫೋನ್ ಇಟ್ಟು ಆ ಪುಟದ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದರು.

"ಯಾಕೆ ಮಾವ ಇದೆಲ್ಲ? ಯಾವುದೋ ಕಾದಂಬರಿಯ ಚಂದ್ರನಿಗೆ…"

"ಚಂದ್ರ ಒಂದೇ ಅಲ್ವೇನೇ?" ಎಂದರು. "ಮೂರು ಸಲ ಮಾಡಿ ನೋಡಿದೆ, ಮೂರು ಸಲಾನೂ ಅದೇ ಬರುತ್ತೆ. ಅಂದ್ರೆ ನಾನು ಕಲ್ತಿದ್ರಲ್ಲೇ ಎಲ್ಲೋ ತಪ್ಪಿದೆ. ಜನ ಅಪ್ಪ ಅಮ್ಮಂಗೆ ತಪ್ಪು ದಿನ ಪಿಂಡ ಇಟ್ಟಿರ್ತಾರೆ, ನನ್ನ ಮಾತು ನಂಬ್ಕೊಂಡು."

ಅತಿ ಮಾಡುತ್ತಿದ್ದಾರೆ ಅನ್ನಿಸಿತು. ಅವತ್ತಿನ ದಿನಚರಿಯಲ್ಲಿ ಹಾಗೆಯೇ ಬರೆದಿದ್ದೇನೆ.

ಏಪ್ರಿಲ್ ಒಂಬತ್ತು, ಬುಧವಾರ, ಸಂಜೆ ನಾಲ್ಕು ಹತ್ತು. ಲೈಬ್ರರಿಯಲ್ಲಿ ಏಳನೇ ಪುಸ್ತಕದ ಕಾಗದಗಳನ್ನು ಜೋಡಿಸುತ್ತಿದ್ದೆ. ಅರವತ್ತೆರಡನೆಯ ಚೀಟಿಯನ್ನು ಇನ್ನೂ ಅಂಟಿಸಿರಲಿಲ್ಲ. ಅಂದರೆ ಕತ್ತರಿಸಿಯೂ ಇರಲಿಲ್ಲ. ಮೇಲಿನ ಸಾಲು ಹಾಗೇ ಇತ್ತು. ಮಾವನ ಅಕ್ಷರ ಗುಂಡಗೆ, ಸ್ಪಷ್ಟ.

"ಅಕ್ಟೋಬರ್ ಹದಿಮೂರು. ಹದಿಮೂರರ ಸೂರ್ಯೋದಯದಿಂದ ಹದಿನಾಲ್ಕರ ಸೂರ್ಯೋದಯದವರೆಗೆ."

ಮಾವನ ಲೆಕ್ಕದಲ್ಲಿ ದಿನ ಹುಟ್ಟುವುದು ಸೂರ್ಯ ಹುಟ್ಟಿದಾಗ. ಹದಿಮೂರರ ರಾತ್ರಿ ಒಂದೂವರೆ ಎಂದರೆ ಅವರಿಗೆ ಹದಿಮೂರರ ಹಗಲು ಕಳೆದ ಮೇಲೆ ಬರುವ ರಾತ್ರಿ. ನನ್ನ ಕಾದಂಬರಿಯಲ್ಲಿ ಅದು ಹನ್ನೆರಡರ ರಾತ್ರಿ, ಗಡಿಯಾರದಲ್ಲಿ ನಡುರಾತ್ರಿ ದಾಟಿ ಹದಿಮೂರಾದದ್ದು. ನಾನು ಇಂಗ್ಲಿಷ್ ಗಡಿಯಾರ ಮನಸ್ಸಿನಲ್ಲಿಟ್ಟುಕೊಂಡು ಕೇಳಿದೆ, ಅವರು ನಮ್ಮ ಮನೆಗಳಲ್ಲಿ ಎಲ್ಲರೂ ರಾತ್ರಿಯನ್ನು ಲೆಕ್ಕ ಹಿಡಿಯುವಂತೆ ಹಿಡಿದು ಹೇಳಿದರು. ಕಂಪ್ಯೂಟರಿನಲ್ಲಿ ಮರುದಿನದ ರಾತ್ರಿಯನ್ನು ನೋಡಿದೆ. ಚಂದ್ರ ಮುಳುಗಿದ್ದು ಎರಡು ಗಂಟೆ ಐದು ನಿಮಿಷಕ್ಕೆ. ಎರಡು ಕಳೆದ ಮೇಲೆ ಎಂದು ಅವರು ಹೇಳಿದ್ದರು.

ಹಿಂದಿನ ಅರವತ್ತೊಂದು ಚೀಟಿಗಳಲ್ಲಿ ಇದು ಯಾಕೆ ಗೊತ್ತಾಗಲಿಲ್ಲ ಎಂದು ನೋಟ್‌ಬುಕ್ಕುಗಳನ್ನೆಲ್ಲ ತೆಗೆದು ನೋಡಿದೆ. ಅರವತ್ತೊಂದು ದೃಶ್ಯಗಳೂ ನಡುರಾತ್ರಿಗೆ ಮುಂಚಿನವು. ನನ್ನ ನಾಯಕಿಯರು ಅದುವರೆಗೆ ಹನ್ನೆರಡರೊಳಗೆ ಮನೆ ಸೇರುತ್ತಿದ್ದರು. ಪ್ರತಿ ಚೀಟಿಯ ತಲೆಯ ಮೇಲೂ ಆ ಸಾಲು ಇದ್ದಿರಬೇಕು. ಅರವತ್ತೊಂದು ಸಲ ನಾನೇ ಅದನ್ನು ಕತ್ತರಿಸಿ ಎಸೆದಿದ್ದೇನೆ.

ಅವತ್ತೇ ಗ್ರೀನ್‌ಫರ್ಡಿಗೆ ಹೋಗಬಹುದಿತ್ತು. ಆರು ಗಂಟೆಯೊಳಗೆ ತಲುಪುತ್ತಿದ್ದೆ. ಹೋಗಲಿಲ್ಲ.

ಕಾರಣ ಬರೆಯುತ್ತೇನೆ, ಅದು ಸಮರ್ಥನೆಯಲ್ಲ. ಏಪ್ರಿಲ್ ಹದಿನಾರಕ್ಕೆ ಮುಂದಿನ ಮೂರು ಪುಸ್ತಕಗಳ ಒಪ್ಪಂದದ ಮಾತುಕತೆ ಇತ್ತು. ತಪ್ಪು ಸಹಾಯಕರದು ಎಂದು ನಾನು ಬರವಣಿಗೆಯಲ್ಲಿ ಕೊಟ್ಟಿದ್ದೆ. ಸಂಪಾದಕಿ ಅದಕ್ಕೆ ಉತ್ತರವಾಗಿ, ನಿನ್ನಿಂದ ಇಂಥದ್ದು ಆಗಲಾರದೆಂದು ನನಗೆ ಗೊತ್ತಿತ್ತು ಎಂದು ಬರೆದಿದ್ದಳು. ಆ ವಾಕ್ಯ ನನಗೆ ಬೇಕಿತ್ತು. ಮಾವನಿಗೆ ನಿಜ ಹೇಳಿದರೆ ಆಕೆಗೂ ಹೇಳಬೇಕಾಗುತ್ತದೆ ಅನ್ನಿಸಿತು. ಹಾಗೇನೂ ಇರಲಿಲ್ಲ. ಒಬ್ಬರಿಗೆ ಹೇಳಿ ಇನ್ನೊಬ್ಬರಿಗೆ ಹೇಳದೆ ಇರಬಹುದಿತ್ತು. ಹದಿನಾರಕ್ಕೆ ಒಪ್ಪಂದ ಆಯಿತು. ಹದಿನೇಳಕ್ಕೂ ಹೇಳಲಿಲ್ಲ. ಆಗ ಕಾರಣ ಬರೀ ನಾಚಿಕೆ. ದಿನಚರಿಯಲ್ಲಿ ಆ ದಿನಗಳಲ್ಲಿ ಪ್ರತಿ ಪುಟದ ಕೊನೆಗೆ ಒಂದೇ ಪದ ಇದೆ: "ಹೇಳಲಿಲ್ಲ."

ಹದಿನೆಂಟರ ಶುಕ್ರವಾರ ಮಾವನೇ ಫೋನ್ ಮಾಡಿದರು.

"ಪುಟ್ಟಿ, ನಿಮ್ಮತ್ತೆ ತಿಥಿ. ನನ್ನ ಲೆಕ್ಕದಲ್ಲಿ ನಾಳೆ ಶನಿವಾರ ಬರುತ್ತೆ. ಊರಿನ ಪಂಚಾಂಗದಲ್ಲಿ ಭಾನುವಾರ. ಭಾನುವಾರಾನೇ ಮಾಡ್ತೀನಿ. ಊಟಕ್ಕೆ ಬಂದುಬಿಡು, ಬರೋವಾಗ ಕಿಂಗ್ಸ್‌ಬರಿಯಲ್ಲಿ ಬಾಳೆಲೆ ಸಿಕ್ಕಿದ್ರೆ ತಗೊಂಡು ಬಾ."

ಚೈತ್ರ ಬಹುಳ ಸಪ್ತಮಿ. ಮಾವನ ಲೆಕ್ಕ ಸರಿಯಾಗಿತ್ತು. ಇಲ್ಲಿ ಅದು ಶನಿವಾರ. ಬಾಯಿ ತೆರೆದರೆ ಸಾಕಿತ್ತು.

"ಎಷ್ಟು ಎಲೆ ಮಾವ?" ಎಂದೆ.

"ಐದು. ಹರಿದಿರೋದನ್ನ ತರಬೇಡ."

ಶನಿವಾರ ಕಿಂಗ್ಸ್‌ಬರಿಗೆ ಹೋಗಿ ಐದು ಎಲೆ ತಂದೆ. ಹರಿಯದಂತೆ ಸುತ್ತಿ ಬಾತ್‌ಟಬ್ಬಿನಲ್ಲಿ ನೀರು ಚಿಮುಕಿಸಿ ಇಟ್ಟೆ. ಅಂಥ ಕೆಲಸಗಳನ್ನು ನಾನು ಚೆನ್ನಾಗಿ ಮಾಡುತ್ತೇನೆ.

ಭಾನುವಾರ ಈಸ್ಟರ್. ರಸ್ತೆಯಲ್ಲಿ ಜನವೇ ಇರಲಿಲ್ಲ. ಮಾವನ ಫ್ಲಾಟಿನಲ್ಲಿ ಅವರ ಮಗಳು ಮ್ಯಾಂಚೆಸ್ಟರಿನಿಂದ ಬಂದಿದ್ದಳು. ನನಗಿಂತ ಎರಡು ವರ್ಷ ದೊಡ್ಡವಳು, ಇಲ್ಲೇ ಹುಟ್ಟಿದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮಾವನೇ ಮಂತ್ರ ಹೇಳಿಕೊಂಡು, ಮಾವನೇ ಪಿಂಡ ಇಟ್ಟು, ಮಾವನೇ ವಡೆ ಕರಿದಿದ್ದರು. ಅಡುಗೆಮನೆಯಲ್ಲಿ ಅವಳು ನನ್ನನ್ನು ತಡೆದು ಇಂಗ್ಲಿಷಿನಲ್ಲಿ ಕೇಳಿದಳು, ಅಪ್ಪ ಪ್ರತಿ ವರ್ಷ ತಾವೇ ದಿನ ಹೇಳುತ್ತಿದ್ದರು, ಈ ಸಲ ಯಾಕೋ ಕ್ಯಾಲೆಂಡರ್ ನೋಡಿದ್ದಾರೆ, ನೀನು ಎಲ್ಲವನ್ನೂ ಚೆಕ್ ಮಾಡುವವಳು, ಇವತ್ತೇ ಸರಿ ತಾನೇ ಎಂದು.

"ಊರಿನ ಕ್ಯಾಲೆಂಡರಲ್ಲಿ ಇವತ್ತೇ ಇದೆ" ಎಂದೆ.

ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಅವಳು ಸಮಾಧಾನದಿಂದ ತಲೆಯಾಡಿಸಿ ಎಲೆ ಒರೆಸತೊಡಗಿದಳು.

ಮಾವ ಅನ್ನದ ಮುದ್ದೆಯನ್ನು ಬಾಲ್ಕನಿಯ ಕಟ್ಟೆಯ ಮೇಲಿಟ್ಟು ಕಾಗೆಗಾಗಿ ನಿಂತರು. ಕಾಲುವೆಯ ಕಡೆಯಿಂದ ಪ್ರತಿ ವರ್ಷ ಒಂದೆರಡು ಬರುತ್ತಿದ್ದವು. ಅವತ್ತು ಒಂದು ಅಳಿಲು ಬಂತು, ಆಮೇಲೆ ಎರಡು ಪಾರಿವಾಳ. ಇಪ್ಪತ್ತು ನಿಮಿಷ ಕಾದರು. ಮಗಳು ಒಳಗೆ ಬನ್ನಿ ಎಂದು ಎರಡು ಸಲ ಕರೆದಳು.

"ಕಾಗೆ ನಿನ್ನೇನೇ ಬಂದು ನೋಡಿ ಹೋಗಿರ್ಬೇಕು" ಎಂದು ನಗುತ್ತಾ ಒಳಗೆ ಬಂದರು. "ಇವರ ಮನೇಲಿ ಒಲೆ ಹಚ್ಚಿಲ್ಲ ಅಂತ."

ತಮಾಷೆಗೆ ಹೇಳಿದ್ದು. ನಾನೂ ನಕ್ಕೆ. ಎಲೆಯ ಮುಂದೆ ಕೂತು ಊಟ ಮಾಡಿದೆ. ಬಾಳೆಕಾಯಿ ಪಲ್ಯ, ಹಾಗಲಕಾಯಿ ಗೊಜ್ಜು, ಪಾಯಸ, ಎಳ್ಳುಂಡೆ. ವಡೆ ಎರಡನೇ ಸಲ ಹಾಕಿಸಿಕೊಂಡೆ, ಏಕೆಂದರೆ ಬೇಡವೆಂದರೆ ಮಾವ ಯಾಕೆ ಎಂದು ಕೇಳುತ್ತಿದ್ದರು.

ಹೇಳಿದ್ದು ಮೇ ಎರಡು, ಶುಕ್ರವಾರ, ಬೆಳಿಗ್ಗೆ ಹತ್ತೂವರೆಗೆ. ಗೊತ್ತಾಗಿ ಇಪ್ಪತ್ತಮೂರು ದಿನ ಆಗಿತ್ತು. ಚೀಟಿಯನ್ನು ಅವರ ಮುಂದಿಟ್ಟೆ. ಮೇಲಿನ ಸಾಲನ್ನು ತೋರಿಸಿ, ನಾನು ಕೇಳಿದ್ದು ಯಾವ ರಾತ್ರಿ, ಅವರು ಹೇಳಿದ್ದು ಯಾವ ರಾತ್ರಿ ಎಂದು ವಿವರಿಸಿದೆ. ಮಾವ ಕನ್ನಡಕ ಹಾಕಿಕೊಂಡು ಓದಿದರು. ಅವರ ಮುಖದಲ್ಲಿ ಮೊದಲು ಬಂದದ್ದು ಸಂತೋಷ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

"ಹಾಗಾದ್ರೆ ಲೆಕ್ಕ ಸರಿ ಇದೆ!"

"ಸರಿ ಇದೆ ಮಾವ. ಮೊದಲಿಂದಲೂ ಸರಿ ಇದೆ."

"ಅಪ್ಪ ಹೇಳ್ಕೊಟ್ಟಿದ್ದು ತಪ್ಪಲ್ಲ." ಚೀಟಿಯನ್ನು ತಿರುಗಿಸಿ ಸರಕುಪಟ್ಟಿಯ ಕಡೆ ನೋಡಿದರು, ಮತ್ತೆ ತಿರುಗಿಸಿದರು. ಆಮೇಲೆ ಕೇಳಿದರು. "ಯಾವತ್ತು ಗೊತ್ತಾಯ್ತು ನಿಂಗೆ?"

ನಿನ್ನೆ ಎನ್ನಬಹುದಿತ್ತು. ತಾರೀಖಿನ ವಿಷಯದಲ್ಲಿ ಸುಳ್ಳು ಹೇಳಲು ನನಗೆ ಬರುವುದಿಲ್ಲ. "ಏಪ್ರಿಲ್ ಒಂಬತ್ತು."

ಅವರು ಬೆರಳು ಮಡಿಸಲಿಲ್ಲ. ಅಷ್ಟು ಲೆಕ್ಕಕ್ಕೆ ಅವರಿಗೆ ಬೆರಳು ಬೇಕಿಲ್ಲ.

"ಶ್ರಾದ್ಧಕ್ಕೆ ಮುಂಚೆ."

"ಹೌದು."

"ನಾನು ಶುಕ್ರವಾರ ಫೋನ್ ಮಾಡಿದ್ದೆ. ಶನಿವಾರ ಬರುತ್ತೆ ಅಂತಾನೂ ಹೇಳಿದ್ದೆ."

"ಹೌದು ಮಾವ."

"ಎಷ್ಟು ಎಲೆ ಅಂತ ಕೇಳ್ದೆ ನೀನು." ಕನ್ನಡಕ ತೆಗೆದರು. "ವಡೆ ಎರಡನೇ ಸಲ ಹಾಕಿಸ್ಕೊಂಡೆ."

ಅದಕ್ಕಿಂತ ದೊಡ್ಡ ಮಾತನ್ನು ಅವರು ಆಡಲಿಲ್ಲ. ಎದ್ದು ಕಾಫಿ ಮಾಡಿದರು, ನನಗೂ ಕೊಟ್ಟರು. ಆ ಮೂವತ್ತನಾಲ್ಕು ಮನೆಗಳಿಗೆ ನಾವಿಬ್ಬರೂ ಸೇರಿ ಮತ್ತೆ ಫೋನ್ ಮಾಡೋಣ ಎಂದೆ. ಪುಸ್ತಕ ಇಲ್ಲ ಎಂದರು. ಕೊನೆಯ ಪುಟಕ್ಕೆ ಗೆರೆ ಎಳೆದ ದಿನ ಕೌನ್ಸಿಲ್‌ನವರ ರೀಸೈಕ್ಲಿಂಗ್ ಡಬ್ಬಕ್ಕೆ ಹಾಕಿದ್ದರು.

"ಅಷ್ಟಕ್ಕೂ ನಾನು ಮಾಡೋದಿಲ್ಲ" ಎಂದರು. "ಒಂದ್ಸಲ ತಪ್ಪು ಅಂದಿದೀನಿ, ಈಗ ಸರಿ ಅಂತೀನಿ. ಮುದುಕನಿಗೆ ತಲೆ ಕೆಟ್ಟಿದೆ ಅಂತಾರೆ. ಬೇಕಿದ್ರೆ ನೀನು ಮಾಡಮ್ಮ."

ಪುಟ್ಟಿ ಎನ್ನಲಿಲ್ಲ. ಅವತ್ತಿನಿಂದ ಒಂದು ಸಲವೂ ಅಂದಿಲ್ಲ. ನೆನಪಿದ್ದಷ್ಟು ಮನೆಗಳ ನಂಬರನ್ನು ಅಲ್ಲೇ ಕೂತು ನನಗೆ ಬರೆಸಿದರು, ಇಪ್ಪತ್ತೆರಡು. ಬಾಗಿಲವರೆಗೆ ಬಂದು, "ಚಂದ್ರನಿಗೆ ಇನ್ನು ಕಂಪ್ಯೂಟರ್ ನೋಡ್ಕೋ" ಎಂದು ಬಾಗಿಲು ಹಾಕಿಕೊಂಡರು.

ಇಪ್ಪತ್ತೆರಡರಲ್ಲಿ ಮೂರು ನಂಬರುಗಳನ್ನು ಅವರು ತಪ್ಪಾಗಿ ನೆನಪಿಟ್ಟಿದ್ದರು, ಅವು ಬೇರೆಯವರವು. ಉಳಿದ ಹತ್ತೊಂಬತ್ತು ಮನೆಗಳೊಂದಿಗೆ ಮಾತಾಡಿದ್ದೇನೆ. ಯಾರೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಕಿಂಗ್ಸ್‌ಬರಿಯ ಒಬ್ಬರು, "ಮೇ ತಿಂಗಳಲ್ಲಿ ಕ್ಯಾಲೆಂಡರ್ ನೋಡಿ ಮಾಡಿಬಿಟ್ವಲ್ಲಮ್ಮ, ಈಗ ಮತ್ತೆ ಮಾಡ್ಬೇಕಾ?" ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿರುವವರನ್ನು ಕೇಳುವ ಹಾಗಿರಲಿಲ್ಲ. ಇನ್ನೊಬ್ಬರು, ವಯಸ್ಸಾದ ಮೇಲೆ ಹಾಗೆಲ್ಲ ಆಗುತ್ತದೆ ಬಿಡಿ, ಪಾಪ ಅವರು ಎಂದರು. ತಪ್ಪು ಅವರದಲ್ಲ, ನನ್ನದು ಎಂದು ಮೂರು ಸಲ ಹೇಳಿದೆ. ನನ್ನದು ವಿನಯ ಎಂದುಕೊಂಡರು.

ಎಂಟನೇ ಪುಸ್ತಕ ಮುಕ್ಕಾಲು ಆಗಿದೆ. ಅದರಲ್ಲಿ ಬೆಳದಿಂಗಳಿಲ್ಲ. ಎಲ್ಲ ದೃಶ್ಯಗಳಿಗೂ ಮೋಡ ಹಾಕಿದ್ದೇನೆ. ಸಂಪಾದಕಿಯ ಗಮನಕ್ಕೆ ಅದು ಬಂದಿಲ್ಲ.

ಹದಿನೈದು ಮನೆಗಳು ಉಳಿದಿವೆ. ಕಿಂಗ್ಸ್‌ಬರಿ, ಹ್ಯಾರೋ, ಗ್ರೀನ್‌ಫರ್ಡ್, ಪಿನ್ನರ್, ಇಲ್ಲವೇ ಅಲ್ಲಿಂದ ಬೇರೆಡೆಗೆ ಹೋಗಿರುವ ಯಾರದಾದರೂ ಮನೆಗೆ ಈ ವರ್ಷ ಮಾರ್ಚ್ ಏಪ್ರಿಲ್ ತಿಂಗಳಲ್ಲಿ ಒಬ್ಬ ವೃದ್ಧರು ಫೋನ್ ಮಾಡಿ, ನಿಮ್ಮ ಮನೆಯ ತಿಥಿಯನ್ನು ನಾನು ತಪ್ಪು ಹೇಳಿರಬಹುದು, ಕ್ಷಮಿಸಿ ಎಂದಿದ್ದರೆ, ಅವರು ಹೇಳಿದ ದಿನ ತಪ್ಪಾಗಿರಲಿಲ್ಲ ಎಂದು ದಯವಿಟ್ಟು ತಿಳಿಯಿರಿ. ನೀವು ನಿಮ್ಮವರಿಗೆ ಸರಿಯಾದ ದಿನವೇ ಅನ್ನ ಇಟ್ಟಿದ್ದೀರಿ. ಅಂಥ ಮನೆ ನಿಮಗೆ ಗೊತ್ತಿದ್ದರೂ ಸಾಕು, ಇದನ್ನು ಅಚ್ಚು ಮಾಡಿದವರ ವಿಳಾಸಕ್ಕೆ ಒಂದು ಸಾಲು ಬರೆಯಿರಿ, ನನಗೆ ತಲುಪುತ್ತದೆ. ಹೆಸರು ಬೇಡ. ಮಾಸ, ಪಕ್ಷ, ತಿಥಿ ಇಷ್ಟು ಬರೆದರೆ ಮಾವನ ಪುಸ್ತಕದಲ್ಲಿದ್ದ ಪುಟಗಳನ್ನು ಮತ್ತೆ ಸೇರಿಸಿ ಅವರಿಗೆ ಕಳಿಸುತ್ತೇನೆ. ಸರಕುಪಟ್ಟಿಯ ಹಿಂಬದಿಯಲ್ಲಿ ಅವರು ಬರೆದುಕೊಟ್ಟ ಚೀಟಿ ಯಾರ ಹತ್ತಿರವಾದರೂ ಉಳಿದಿದ್ದರೆ ಅದರ ಫೋಟೋ ತೆಗೆದು ಕಳಿಸಿ. ಮೇಲಿನ ಸಾಲೂ ಕಾಣುವಂತೆ ತೆಗೆಯಿರಿ.